ಗದ್ದಕ್ಕಿಳಿದ ಮುಖಗವಸು



ನಾವು ಬೆಳೆಯುವ ಎರಡು ಬೆಳೆಗಳೂ ಬಾಯಿಯನ್ನು ನಂಬಿ ಬದುಕುವಂಥವು. ಕಾಫಿ ಕುಡಿಯಲು ಬಾಯಿ ತೆರೆಯಬೇಕು, ಅಡಿಕೆ ಜಗಿಯಲೂ ಬಾಯಿ ತೆರೆಯಬೇಕು. ದೇಶದ ಜನರೆಲ್ಲ ಬಾಯಿ ಮುಚ್ಚಿಕೊಂಡು ತಿರುಗಬೇಕೆಂಬ ಕಟ್ಟಳೆ ಬಂದ 2020ನೆಯ ಇಸವಿಯನ್ನು ಆದಕಾರಣ ನಮ್ಮ ಸದಸ್ಯರು ಬೇಗ ಮರೆಯಲಾರರು. ಆ ವರ್ಷ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಅಡಿಕೆ ಮಂಡಿಗಳು ಮುಚ್ಚಿದವು, ಹೋಟೆಲುಗಳಲ್ಲಿ ಕಾಫಿ ಲೋಟಗಳು ಬೋರಲಾದವು. ಏಪ್ರಿಲ್ 15ರಂದು ಕೇಂದ್ರ ಗೃಹ ಮಂತ್ರಾಲಯ ಹೊರಡಿಸಿದ ಸೂಚನೆಗಳಲ್ಲಿ ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿಕೊಳ್ಳುವುದು ಕಡ್ಡಾಯ, ಉಗುಳುವುದು ದಂಡಾರ್ಹ ಎಂಬೆರಡು ಮಾತುಗಳೂ ಇದ್ದವು.

ಆ ಕಾಲ ಕಳೆಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಮದುವೆ ಮುಗಿದ ಮೇಲೆ ವಾಲಗವೇಕೆ ಎಂದು ಕೆಲವರು ಕೇಳಿಯಾರು. ಕಾರಣವಿದೆ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ 60 ದಾಟಿದವರೂ ಬೇರೆ ಕಾಯಿಲೆ ಇರುವವರೂ ಮತ್ತೆ ಮಾಸ್ಕ್ ಧರಿಸಬೇಕೆಂದು ಸಲಹೆ ನೀಡಿತು. ಇಂಥ ಸಲಹೆ ಇನ್ನೊಮ್ಮೆ ಬಾರದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗವಿರಲಿ ಇಲ್ಲದಿರಲಿ, ಮುಂಗಾರಿಗೆ ಮೊದಲು ನಮ್ಮ ತೋಟಗಳಲ್ಲಿ ಮದ್ದು ಹೊಡೆಯುವವರು ಮೂಗು ಬಾಯಿ ಮುಚ್ಚಿಕೊಳ್ಳಲೇಬೇಕು. ಆಗ ಅವರ ಮಾಸ್ಕ್ ಎಲ್ಲಿರುತ್ತದೆ? ನಮ್ಮೆಲ್ಲರಿಗೂ ಗೊತ್ತು, ಗದ್ದದ ಮೇಲೆ. ಅದು ಗದ್ದಕ್ಕೆ ಇಳಿಯುವುದೇಕೆ ಎಂದು ಒಮ್ಮೆಯಾದರೂ ಸಾವಧಾನವಾಗಿ ಯೋಚಿಸಬೇಕೆಂಬುದೇ ಈ ಬರಹದ ಉದ್ದೇಶ.

ಸತ್ಯನಾರಾಯಣಪೇಟೆಯಲ್ಲಿ ಕಂಡದ್ದು

ಮಲೆನಾಡಿನ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಬಯಲುಸೀಮೆಯಿಂದ ಜನ ಬರುವುದು ಹೊಸ ಸಂಗತಿಯಲ್ಲ. ನಮ್ಮಲ್ಲಿಗೆ ಸಿರುಗುಪ್ಪ, ಕುರುಗೋಡು ಕಡೆಯ ಕುಟುಂಬಗಳೂ ಬರುತ್ತವೆ. 2020ರಲ್ಲಿ ಅವರು ಬರುವರೋ ಇಲ್ಲವೋ ಎಂಬ ಆತಂಕ ನಮಗಿತ್ತು. ಫೋನಿನಲ್ಲಿ ಮಾತು ತೀರ್ಮಾನವಾಗಲಿಲ್ಲ. ಆದ್ದರಿಂದ ನವೆಂಬರಿನಲ್ಲಿ ನಾವು ಮೂವರು ಬಳ್ಳಾರಿಗೆ ಹೋದೆವು. ಪರಿಚಿತರ ಮನೆ ಸತ್ಯನಾರಾಯಣಪೇಟೆಯಲ್ಲಿದ್ದುದರಿಂದ ಅಲ್ಲೇ ಮೂರು ದಿನ ಉಳಿದೆವು.

ಬೆಳಗ್ಗೆ ಹೊತ್ತು ಆ ಪೇಟೆಯ ಬೀದಿಯಲ್ಲಿ ನಿಂತು ನೋಡಿದರೆ ಮುಖಗವಸಿನ ಅವತಾರಗಳೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಮೂಗು ಹೊರಗೆ ಬಿಟ್ಟು ಬಾಯಿ ಮಾತ್ರ ಮುಚ್ಚಿದವರು ಕೆಲವರು. ಗದ್ದಕ್ಕೆ ಇಳಿಸಿಕೊಂಡವರು ಹಲವರು. ಒಂದು ಕಿವಿಗೆ ನೇತುಹಾಕಿಕೊಂಡು, ಬಿಸಿ ಕಾಫಿಯ ಲೋಟ ಹಿಡಿದು ಊದುತ್ತಿದ್ದವರನ್ನು ಕಂಡು ನಮಗೆ ಸಂತೋಷವೇ ಆಯಿತೆನ್ನಿ. ಅಂಗಿಯ ಜೇಬಿನಲ್ಲಿಟ್ಟವರು, ಸ್ಕೂಟರಿನ ಹ್ಯಾಂಡಲಿಗೆ ಕಟ್ಟಿದವರು, ಪೊಲೀಸರ ಟೊಪ್ಪಿಗೆ ಕಂಡೊಡನೆ ತಟ್ಟನೆ ಮೇಲೇರಿಸುವವರು, ಹೀಗೆ ಒಂದೇ ಎರಡೇ. ಸರಿಯಾಗಿ ಕಟ್ಟಿಕೊಂಡವರೂ ಇದ್ದರು. ಆದರೆ ಅವರ ಮುಖದಲ್ಲಿ ನೆಮ್ಮದಿ ಇರಲಿಲ್ಲ.

ನಗಲು ನಮಗೇನೂ ಅಧಿಕಾರವಿಲ್ಲವೆಂದು ಎರಡನೆಯ ದಿನವೇ ಸಿದ್ಧವಾಯಿತು. ನಮ್ಮಲ್ಲೊಬ್ಬರಿಗೆ ಊಟದ ಮೇಲೆ ಎಲೆಅಡಿಕೆ ಆಗಲೇಬೇಕು. ಬಾಯಲ್ಲಿ ತಾಂಬೂಲ, ಮೇಲೆ ಮಾಸ್ಕ್. ಸ್ವಲ್ಪ ಹೊತ್ತು ಸಹಿಸಿದರು. ಕೊನೆಗೆ ಚರಂಡಿಯ ಪಕ್ಕ ಬಗ್ಗಿ, ಮಾಸ್ಕನ್ನು ಗದ್ದಕ್ಕಿಳಿಸಿದ ಕ್ಷಣದಲ್ಲೇ ರಸೀತಿ ಪುಸ್ತಕ ಹಿಡಿದವರೊಬ್ಬರು ಎದುರು ನಿಂತಿದ್ದರು. ಆ ಕಾಲಕ್ಕೆ ರಾಜ್ಯದಲ್ಲಿ ದಂಡ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ 250 ರೂಪಾಯಿ, ಇತರ ಕಡೆ 100 ರೂಪಾಯಿ. ಅದಕ್ಕೆ ಸ್ವಲ್ಪ ಮೊದಲು 1,000ಕ್ಕೆ ಏರಿಸಿ, ಜನರ ಗೊಣಗಾಟ ಕೇಳಿ ಕೆಲವೇ ದಿನಗಳಲ್ಲಿ ಇಳಿಸಿದ್ದರು. ನಮ್ಮ ಮಿತ್ರರು ತಕರಾರಿಲ್ಲದೆ 250 ತೆತ್ತರು. ತಪ್ಪು ಅವರದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ದಿನ ನಮಗೆ ಒಂದು ವಿಷಯ ಹೊಳೆಯಿತು. ದಂಡ ತೆತ್ತ ಮೇಲೆ ಮಿತ್ರರ ಮಾಸ್ಕ್ ಮೇಲೇರಿತು ನಿಜ, ಆದರೆ ಎಲೆಅಡಿಕೆ ಬಿಟ್ಟು ಬಾಯಿ ತೊಳೆದುಕೊಳ್ಳುವವರೆಗೂ ಅದು ಮೇಲೆ ನಿಲ್ಲಲಿಲ್ಲ. ದಂಡವು ಮಾಸ್ಕನ್ನು ಮೇಲೇರಿಸಬಲ್ಲದು, ಮೇಲೆ ನಿಲ್ಲಿಸಲಾರದು.

ಅದೇ ಸಂಜೆ ಒಂದು ಔಷಧದ ಅಂಗಡಿಯಲ್ಲಿ ಇನ್ನೊಂದು ಪಾಠವಾಯಿತು. ನಮಗಿಂತ ಮುಂದೆ ಒಬ್ಬ ವೃದ್ಧರು ನಿಂತಿದ್ದರು. ಅಂಗಡಿಯ ಹುಡುಗ ಪ್ಲಾಸ್ಟಿಕ್ ಪರದೆಯ ಹಿಂದಿನಿಂದ, ದಪ್ಪ ಮಾಸ್ಕಿನೊಳಗಿನಿಂದ, ಯಾವ ಗುಳಿಗೆ ಊಟಕ್ಕೆ ಮುಂಚೆ ಯಾವುದು ಆಮೇಲೆ ಎಂದು ಹೇಳುತ್ತಿದ್ದ. ವೃದ್ಧರು ಮೂರು ಸಲ ಕೇಳಿದರು. ಹುಡುಗ ಮೂರು ಸಲ ಕೂಗಿದ. ಕಡೆಗೆ ಅವರು, "ತಮ್ಮಾ, ನಂಗ ಕಿವಿ ಮಂದ. ಮಂದಿ ತುಟಿ ನೋಡ್ಕೊಂಡೇ ಇಷ್ಟು ವರ್ಷ ಕೇಳೀನಿ. ನಿನ್ನ ತುಟಿ ಎಲ್ಲೈತಿ?" ಎಂದರು. ಹುಡುಗ ಒಂದು ಗಳಿಗೆ ಸುಮ್ಮನಾದ. ಮಾಸ್ಕ್ ತೆಗೆಯಲಿಲ್ಲ. ಪೆನ್ನು ತೆಗೆದು ಒಂದೊಂದು ಪಟ್ಟಿಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ವೃದ್ಧರು ಓದಿ, ತಲೆಯಾಡಿಸಿ ಹೋದರು.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ವಯಸ್ಸಾಗಿ ಕಿವಿ ಮಂದವಾಗಿಯೂ ಅದನ್ನು ಯಾರಲ್ಲೂ ಹೇಳಿಕೊಳ್ಳದವರು ಈ ಲೆಕ್ಕದ ಹೊರಗೆ ಎಷ್ಟೋ ಮಂದಿ. ಇವರೆಲ್ಲರ ಮಟ್ಟಿಗೆ ಊರಿಗೆ ಊರೇ ಒಮ್ಮೆಲೇ ತುಟಿ ಮರೆಸಿಕೊಂಡಂತಾಗಿತ್ತು. ಅದನ್ನು ಪರಿಹರಿಸಲು ದೊಡ್ಡ ಯೋಜನೆಯೇನೂ ಬೇಕಾಗಲಿಲ್ಲ. ಒಂದು ಪೆನ್ನು ಮತ್ತು ಒಂದು ಗಳಿಗೆಯ ವ್ಯವಧಾನ ಸಾಕಾಯಿತು.

ಸಿರುಗುಪ್ಪದ ಸೆರಗು

ಮರುದಿನ ಸಿರುಗುಪ್ಪದ ದಾರಿ ಹಿಡಿದೆವು. ಅತ್ತ ತುಂಗಭದ್ರೆಯ ನೀರಿಗೆ ಭತ್ತ, ಇತ್ತ ಹತ್ತಿ, ಮೆಣಸಿನಕಾಯಿ. ಮಾತಿಗೆ ಕುಳಿತಾಗ ನಮ್ಮ ಕೊಯ್ಲಿಗೆ ಬರುವ ಹೆಂಗಸರೊಬ್ಬರು ಹೇಳಿದ ಮಾತು ಇಂದಿಗೂ ನೆನಪಿದೆ. "ನಮಗೇನು ಬಾಯಿ ಕಟ್ಟೋದು ಸರಕಾರ ಕಲಿಸಬೇಕೇನ್ರೀ? ಮೆಣಸಿನಕಾಯಿ ತೊಟ್ಟು ಬಿಡಿಸೋವಾಗ ಸೆರಗು ಕಟ್ಟದಿದ್ರ ಒಂದು ತಾಸು ಕೂತು ತೋರಸ್ರೀ ನೋಡಾಣು."

ಮಾತು ನಿಜ. ಒಣಮೆಣಸಿನ ಘಾಟಿನಲ್ಲಿ ಕೆಲಸ ಮಾಡುವವರು ಮೂಗಿಗೆ ಸೆರಗು ಬಿಗಿಯುವುದು ತಲೆತಲಾಂತರದ ಪರಿಪಾಠ. ಹತ್ತಿ ಹಿಂಜುವಲ್ಲಿಯೂ ಹಾಗೆಯೇ. ಬಳ್ಳಾರಿಯವರಿಗೆ ಧೂಳಿನ ಪರಿಚಯವನ್ನು ಬೇರೆ ಮಾಡಿಸಬೇಕಾಗಿಲ್ಲ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ದಿನಗಳಲ್ಲಿ, ಅಂದರೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ, ಆ ಕೆಂಧೂಳಿನ ರಸ್ತೆಗಳಲ್ಲಿ ಕರವಸ್ತ್ರ ಕಟ್ಟದೆ ಸೈಕಲ್ ತುಳಿಯುವುದು ಕಷ್ಟವಿತ್ತು. ಅವರಾರಿಗೂ ಯಾರೂ ದಂಡ ಹಾಕಿರಲಿಲ್ಲ.

ಹಾಗಾದರೆ ಸೆರಗು ನಿಂತಲ್ಲಿ ಮಾಸ್ಕ್ ನಿಲ್ಲಲಿಲ್ಲವೇಕೆ? ಉತ್ತರ ಸರಳ. ಮೆಣಸಿನ ಘಾಟು ಸೆರಗು ಜಾರಿದೊಡನೆ ಮೂಗಿಗೆ ಹೊಡೆಯುತ್ತದೆ. ರೋಗಾಣು ಹಾಗೆ ಹೊಡೆಯುವುದಿಲ್ಲ, ನಾಲ್ಕೈದು ದಿನ ಬಿಟ್ಟು ಜ್ವರವಾಗಿ ಬರುತ್ತದೆ. ಕಾಣದ ಅಪಾಯಕ್ಕಾಗಿ ಕಾಣುವ ತೊಂದರೆಯನ್ನು ಸಹಿಸಿಕೊಳ್ಳಿ ಎಂದು ಕೇಳುವಾಗ, ಆ ತೊಂದರೆಯನ್ನಾದರೂ ಆದಷ್ಟು ಕಡಿಮೆ ಮಾಡಿಕೊಡುವುದು ಕೇಳುವವನ ಕರ್ತವ್ಯ. ಇಷ್ಟನ್ನು ನಾವು, ತೋಟದ ಯಜಮಾನರು, ಮಾಡಲಿಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಆ ವರ್ಷ ಜನ ಬಂದರು, ಕೊಯ್ಲು ಆರಂಭವಾಯಿತು. ತಲೆಗೊಂದರಂತೆ ಮಾಸ್ಕ್ ಹಂಚಿ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ವಾರ ಕಳೆಯುವುದರೊಳಗೆ ಮಾಸ್ಕುಗಳು ಕಾಫಿ ಗಿಡದ ರೆಕ್ಕೆಗಳಲ್ಲಿ ತೂಗಾಡುತ್ತಿದ್ದವು. ನಾವು ಗದರಿಸಿದೆವು. "ನಿಮ್ಮ ಒಳ್ಳೆಯದಕ್ಕೇ ಕೊಟ್ಟದ್ದು" ಎಂದೆವು. ಏಕೆ ತೆಗೆದಿರಿ ಎಂದು ಕೇಳಲಿಲ್ಲ. ಕೇಳಿದ್ದು ಎಷ್ಟೋ ದಿನಗಳ ಮೇಲೆ. ಆಗ ಬಂದ ಉತ್ತರಗಳು ಹೀಗಿದ್ದವು. ರಬ್ಬರ್ ದಾರ ಕಿವಿಯ ಓಲೆ, ಜುಮಕಿಗೆ ಸಿಕ್ಕಿ ಎಳೆಯುತ್ತದೆ. ಇಬ್ಬನಿಯ ಗಿಡಗಳ ನಡುವೆ ನುಗ್ಗುವಾಗ ಬಟ್ಟೆ ಅರ್ಧ ತಾಸಿನಲ್ಲಿ ತೊಯ್ದು ಉಸಿರು ಕಟ್ಟುತ್ತದೆ. ಬುತ್ತಿ ಉಣ್ಣುವಾಗ ಇಡಲು ಜಾಗವಿಲ್ಲ. ಒಂದೇ ಮಾಸ್ಕ್, ರಾತ್ರಿ ಒಗೆದರೆ ಮಲೆನಾಡಿನ ಥಂಡಿಯಲ್ಲಿ ಬೆಳಗ್ಗೆಗೆ ಒಣಗುವುದಿಲ್ಲ. ಇವುಗಳಲ್ಲಿ ಒಂದಾದರೂ ಅಸಡ್ಡೆಯ ಮಾತಿದೆಯೇ? ಗದ್ದಕ್ಕಿಳಿದ ಮಾಸ್ಕ್ ಅವಿಧೇಯತೆಯ ಗುರುತಲ್ಲ, ಅದೊಂದು ದೂರು ಅರ್ಜಿ. ನಾವು ಅರ್ಜಿಯನ್ನು ಓದದೆ ಅರ್ಜಿದಾರನನ್ನು ಬೈದೆವು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ

ಮುಖಗವಸಿನ ತಗಾದೆ ನೂರು ವರ್ಷಕ್ಕೂ ಹಳೆಯದು. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹರಡಿದಾಗ, ಮಲಯಾದ ಪೆನಾಂಗಿನಲ್ಲಿ ಹುಟ್ಟಿದ ಡಾ. ವು ಲಿಯೆನ್-ತೆ ಎಂಬ ವೈದ್ಯರು ಈ ರೋಗ ಉಸಿರಿನಿಂದ ಹರಡುತ್ತದೆಂದು ಗುರುತಿಸಿ, ಹತ್ತಿ ಮತ್ತು ಜಾಳು ಬಟ್ಟೆಯ ಪದರಗಳ ಮಾಸ್ಕನ್ನು ಬಳಕೆಗೆ ತಂದರು. ಅದನ್ನು ತಲೆಯ ಹಿಂದೆ ಕಟ್ಟಿಕೊಳ್ಳಬೇಕಿತ್ತು. ಅವರ ಮಾತನ್ನು ಒಪ್ಪದೆ ಮಾಸ್ಕಿಲ್ಲದೆ ರೋಗಿಗಳನ್ನು ನೋಡಿದ ಫ್ರೆಂಚ್ ವೈದ್ಯರೊಬ್ಬರು ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ಬಲಿಯಾದರು. 1918ರ ಮಹಾ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯ ಮಾಡಿತು. ಚುಟ್ಟಾ ಸೇದಲೆಂದು ಮಾಸ್ಕಿಗೆ ತೂತು ಕೊರೆದುಕೊಂಡವರಿದ್ದರೆಂದು ಆ ಕಾಲದ ವರ್ಣನೆಗಳಿವೆ. 1919ರ ಜನವರಿಯಲ್ಲಿ ಅಲ್ಲಿ ಮಾಸ್ಕ್ ವಿರೋಧಿ ಸಂಘವೊಂದು ಹುಟ್ಟಿಕೊಂಡಿತು. ಅವರ ಚುಟ್ಟಾ, ನಮ್ಮ ತಾಂಬೂಲ, ವ್ಯತ್ಯಾಸ ಇಷ್ಟೆ. ಮನುಷ್ಯ ಸ್ವಭಾವ ಎಲ್ಲಿಯೂ ಒಂದೇ.

ಇಷ್ಟರಿಂದ ಮಾಸ್ಕ್ ನಿಷ್ಪ್ರಯೋಜಕ ಎಂದು ಯಾರೂ ತಿಳಿಯಬಾರದು. 2021ರ ಎರಡನೆಯ ಅಲೆಯಲ್ಲಿ ಇದೇ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಆಮ್ಲಜನಕಕ್ಕಾಗಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಕಟ್ಟಬೇಕಾಯಿತೆಂಬುದನ್ನು ಮರೆಯುವಂತಿಲ್ಲ. ಮಾಸ್ಕ್ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಬೇಕಾದಾಗ ಅದು ಮೂಗಿನ ಮೇಲೆ ನಿಲ್ಲುವಂತೆ ಮಾಡುವುದು ಹೇಗೆ ಎಂಬುದು ಪ್ರಶ್ನೆ.

ಕೆಲವು ಉಪಾಯಗಳು

ಈ ವರ್ಷಗಳಲ್ಲಿ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಸಂದು. ತೋಡಿನ ನೀರು ಏರಿ ಒಡೆದ ಕಡೆ ಹರಿಯುವಂತೆ ಉಸಿರು ಕೂಡ ಸಂದು ಇರುವ ಕಡೆಯೇ ನುಗ್ಗುತ್ತದೆ. ಬಟ್ಟೆ ಎಷ್ಟು ದಪ್ಪವಾದರೂ ಕೆನ್ನೆಯ ಪಕ್ಕ ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದರೆ ಪ್ರಯೋಜನವಿಲ್ಲ. ಬಳ್ಳಾರಿಯು ಜೀನ್ಸ್ ಉಡುಪಿಗೆ ಹೆಸರಾದ ಊರಷ್ಟೆ. ಆ ದಪ್ಪ ಬಟ್ಟೆಯಲ್ಲಿ ಮಾಸ್ಕ್ ಹೊಲಿದರೆ ಬಹಳ ಗಟ್ಟಿ ಎಂದುಕೊಂಡರೆ ಮೋಸಹೋದಂತೆ. ಉಸಿರು ಬಟ್ಟೆಯ ಮೂಲಕ ಹಾಯಲಾರದೆ ಪಕ್ಕದಿಂದ ಹೊರಡುತ್ತದೆ. ತೆಳು ಹತ್ತಿಬಟ್ಟೆಯ ಮೂರು ಪದರ ಅದಕ್ಕಿಂತ ಮೇಲು. ಆಸ್ಪತ್ರೆಯ ನೀಲಿ ಮಾಸ್ಕ್ ಸಡಿಲವಾದರೆ ಎರಡೂ ಬದಿಯ ದಾರವನ್ನು ಬುಡದಲ್ಲಿ ಗಂಟುಹಾಕಿ, ಉಳಿದ ಮಡಿಕೆಯನ್ನು ಒಳಕ್ಕೆ ಸೇರಿಸಿದರೆ ಕೆನ್ನೆಗೆ ಕೂರುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಈ ಉಪಾಯವನ್ನು ಪರೀಕ್ಷಿಸಿ, ಇದರಿಂದ ರಕ್ಷಣೆ ಹೆಚ್ಚುತ್ತದೆಂದು ಕಂಡುಕೊಂಡಿತು.

ಎರಡನೆಯದು, ಕನ್ನಡಕ. ಗಾಜು ಮಂಜಾಗುವುದು ಮೂಗಿನ ಪಕ್ಕದಿಂದ ಮೇಲೇರುವ ಬಿಸಿ ಉಸಿರು ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದರಿಂದ. ಅಂದರೆ ಮಂಜು ಕವಿದ ಕನ್ನಡಕ ಮಾಸ್ಕಿನ ಮೇಲಂಚು ಸರಿಯಾಗಿ ಕೂತಿಲ್ಲವೆಂದು ಹೇಳುವ ಸಾಕ್ಷಿ. ಮೂಗಿನ ಮೇಲೆ ಬಗ್ಗುವ ತಂತಿ ಇರುವ ಮಾಸ್ಕ್ ತೆಗೆದುಕೊಳ್ಳಬೇಕು. ತಂತಿಯನ್ನು ಎರಡೂ ಕೈಬೆರಳಿಂದ ಒತ್ತಿ ಕೂರಿಸಿ, ಮಾಸ್ಕನ್ನು ಎತ್ತರಕ್ಕೆಳೆದು ಅದರ ಮೇಲೆ ಕನ್ನಡಕ ಇಡಬೇಕು. ಗಾಜನ್ನು ಸಾಬೂನಿನ ನೀರಿನಲ್ಲಿ ತೊಳೆದು ಒರೆಸದೆ ಹಾಗೆಯೇ ಒಣಗಿಸಿದರೂ ಮಂಜು ಕಡಿಮೆ. ನಮ್ಮಲ್ಲಿ ಕನ್ನಡಕದವರೊಬ್ಬರು ಸತ್ಯನಾರಾಯಣಪೇಟೆಯ ಮನೆಯೊಂದರ ಮೆಟ್ಟಿಲು ಕಾಣದೆ ಮುಗ್ಗರಿಸಿದ್ದರು. ಈ ವಿದ್ಯೆ ಅವರಿಗೆ ಮೊದಲೇ ತಿಳಿದಿದ್ದರೆ ಮೊಣಕಾಲು ಉಳಿಯುತ್ತಿತ್ತು.

ಮೂರನೆಯದು, ಕಿವಿ. ಓಲೆ ಧರಿಸುವವರಿಗೆ, ಶ್ರವಣಯಂತ್ರ ಹಾಕುವವರಿಗೆ ಕಿವಿಗೆ ಸಿಕ್ಕಿಸುವ ದಾರ ಸರ್ವಥಾ ಅನುಕೂಲವಲ್ಲ. ಮಾಸ್ಕ್ ತೆಗೆಯುವಾಗ ಯಂತ್ರವೂ ಕಳಚಿ ಬೀಳುತ್ತದೆ. ಇಂಥವರಿಗೆ ನೆತ್ತಿಯ ಮೇಲೊಂದು, ಕುತ್ತಿಗೆಯ ಹಿಂದೊಂದು ಕಟ್ಟುವ ಲಾಡಿಯ ಮಾಸ್ಕ್ ಬೇಕು. ನೂರು ವರ್ಷದ ಹಿಂದೆ ಡಾ. ವು ಮಾಡಿದ್ದೂ ತಲೆಯ ಹಿಂದೆ ಕಟ್ಟುವ ಮಾಸ್ಕನ್ನೇ.

ನಾಲ್ಕನೆಯದು, ಮಾತು. ಮಾಸ್ಕ್ ಹಾಕಿಕೊಂಡು ಕೂಗಿದರೆ ಶಬ್ದ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ. ಎದುರಿನವರ ಮುಖ ನೋಡಿ, ನಿಧಾನವಾಗಿ, ಒಂದೊಂದೇ ವಾಕ್ಯ ಹೇಳಬೇಕು. ಕೈಸನ್ನೆ ಮಾಡಬೇಕು. ಆಗಲೂ ತಿಳಿಯದಿದ್ದರೆ ಬರೆದು ತೋರಿಸಬೇಕು. ಬಯಲಿನಲ್ಲಿ ದೂರ ನಿಂತು, ಒಂದು ನಿಮಿಷ ಮಾಸ್ಕ್ ಇಳಿಸಿ ಕಿವಿ ಮಂದವಾದವರೊಡನೆ ಮಾತನಾಡಿದರೆ ಅದನ್ನು ಅಪರಾಧವೆನ್ನುವುದು ಅವಿವೇಕ.

ಐದನೆಯದು, ಊಟ, ಕಾಫಿ, ತಾಂಬೂಲ. ಇವಕ್ಕೆ ಮಾಸ್ಕನ್ನು ಗದ್ದಕ್ಕೆ ಇಳಿಸಕೂಡದು. ಬೆವರು, ಧೂಳು ಹತ್ತಿದ ಗದ್ದದಿಂದ ಅದು ಪುನಃ ಬಾಯಿಗೇ ಬರುತ್ತದೆ. ದಾರ ಹಿಡಿದು ಪೂರ್ತಿ ತೆಗೆದು ಕಾಗದದ ಲಕೋಟೆಯಲ್ಲೋ ಒಂದು ಪುಟ್ಟ ಬಟ್ಟೆ ಚೀಲದಲ್ಲೋ ಇಡಬೇಕು. ತಾಂಬೂಲದ ಬಗ್ಗೆ ಅಡಿಕೆ ಬೆಳೆಗಾರರಾದ ನಾವು ಹೇಳಿದರೆ ನಗು ಬರಬಹುದು, ಆದರೂ ಹೇಳುತ್ತೇವೆ. ಮನೆಯಲ್ಲಿ ಊಟದ ಮೇಲೆ ಕುಳಿತು ಹಾಕಿಕೊಳ್ಳುವುದು ಬೇರೆ, ಜನರ ನಡುವೆ ಜಗಿದು ಬೀದಿಗೆ ಉಗುಳುವುದು ಬೇರೆ. ಉಗುಳಿನಿಂದ ನಮ್ಮ ಬೆಳೆಗೆ ಬಂದಷ್ಟು ಕೆಟ್ಟ ಹೆಸರು ಕೊಳೆರೋಗದಿಂದಲೂ ಬಂದಿಲ್ಲ.

ಆರನೆಯದು, ಒದ್ದೆ. ನೆನೆದ ಮಾಸ್ಕಿನಲ್ಲಿ ಉಸಿರಾಟ ಕಷ್ಟ, ಅದನ್ನು ಬದಲಿಸಲೇಬೇಕು. ಆದ್ದರಿಂದ ಒಬ್ಬರಿಗೆ ಒಂದು ಮಾಸ್ಕ್ ಎಂಬುದು ಲೆಕ್ಕಕ್ಕೆ ಸರಿ, ಬಳಕೆಗೆ ಸರಿಯಲ್ಲ. ಮೂರಾದರೂ ಬೇಕು: ಮುಖದಲ್ಲೊಂದು, ಚೀಲದಲ್ಲೊಂದು, ಒಣಗುವ ಹಗ್ಗದ ಮೇಲೊಂದು.

ಏಳನೆಯದು, ಮಕ್ಕಳು. 5 ವರ್ಷ ಮತ್ತು ಅದಕ್ಕೆ ಕೆಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2020ರ ಆಗಸ್ಟಿನಲ್ಲೇ ಹೇಳಿದ್ದವು. ಅಳುವ ಕೂಸಿನ ಮುಖಕ್ಕೆ ಬಟ್ಟೆ ಬಿಗಿದು ಬಸ್ಸು ಹತ್ತಿಸುವುದು ಕಾಳಜಿಯಲ್ಲ.

ಮದ್ದು ಹೊಡೆಯುವವನ ಉಸಿರು

ಇನ್ನು ನಮ್ಮ ಮನೆಬಾಗಿಲಿನ ವಿಷಯಕ್ಕೆ ಬರುತ್ತೇವೆ. ಕೋವಿಡ್ ಬಂದು ಹೋಯಿತು, ಕೊಳೆರೋಗ ವರ್ಷವರ್ಷವೂ ಬರುತ್ತದೆ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಈ ಶೇಕಡ 1ರ ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಅದು ಗೊನೆಗೆ ಎಷ್ಟು ಸೇರಬೇಕೆಂದು ನಮಗೆ ಗೊತ್ತು. ಹೊಡೆಯುವವನ ಎದೆಗೆ ಎಷ್ಟು ಸೇರುತ್ತದೆಂದು ನಾವು ಕೇಳಿದ್ದುಂಟೇ?

ಪೋರ್ಚುಗಲ್ ದೇಶದಲ್ಲಿ ಕೇಳಿದವರಿದ್ದಾರೆ. ಅಲ್ಲಿಯ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ದ್ರಾವಣ ಸಿಂಪಡಿಸಿದ ಕೂಲಿಕಾರರ ಶ್ವಾಸಕೋಶದಲ್ಲಿ ತಾಮ್ರದ ಅಂಶ ಸೇರಿ ಗಂಟುಕಟ್ಟಿದ್ದನ್ನು ಕಂಡು, 1969ರಲ್ಲಿ ವೈದ್ಯರು ಅದನ್ನು ದ್ರಾಕ್ಷಿ ತೋಟದ ಸಿಂಪಡಕರ ಶ್ವಾಸಕೋಶ ರೋಗವೆಂದು ಹೆಸರಿಟ್ಟು ಪ್ರಕಟಿಸಿದರು. ದ್ರಾಕ್ಷಿ ಬಳ್ಳಿ ಸೊಂಟದೆತ್ತರ. ನಮ್ಮ ಅಡಿಕೆ ಮರ ಆಕಾಶದೆತ್ತರ. ಕೆಳಗೆ ನಿಂತು ಮೇಲಕ್ಕೆ ಹೊಡೆದದ್ದರಲ್ಲಿ ಒಂದು ಪಾಲು ಹೊಡೆದವನ ಮುಖಕ್ಕೇ ಮಳೆಯಾಗಿ ಇಳಿಯುತ್ತದೆ. ಅವನಿಗೆ ನಾವು ಕೊಡುವುದೇನು? ಹೆಚ್ಚೆಂದರೆ ಒಂದು ಹಳೆಯ ಟವೆಲು. ಸುಲಿದ ಅಡಿಕೆ ಸಿಪ್ಪೆಯ ಧೂಳು, ಒಣ ಕಾಫಿಯನ್ನು ಕುಟ್ಟಿ ತೂರುವಲ್ಲಿಯ ಧೂಳು, ಇವೂ ಎದೆಗೆ ಒಳ್ಳೆಯವಲ್ಲ. ಕಾಫಿ ಬೀಜದ ಧೂಳಿನಿಂದ ಉಬ್ಬಸ ಬರಬಹುದೆಂದು ವೈದ್ಯಶಾಸ್ತ್ರ ಎಂದೋ ದಾಖಲಿಸಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಮನೆಯಲ್ಲಿ ಉಳಿದಿದೆಯೆಂದು ಅದನ್ನೇ ಮದ್ದು ಹೊಡೆಯುವವನಿಗೆ ಕೊಟ್ಟು ಕೈತೊಳೆದುಕೊಳ್ಳಬಾರದು. ಬಟ್ಟೆ ಹನಿಯನ್ನು ಹೀರಿ, ಅದೇ ದ್ರಾವಣವನ್ನು ಮೂಗಿಗೆ ಒತ್ತಿಹಿಡಿಯುತ್ತದೆ. ಧೂಳಿಗೆ ಎನ್-95 ಮಾಸ್ಕ್ ಸರಿ. ಎಲ್ಲಕ್ಕಿಂತ ಸುಲಭವಾಗಿ ನುಸುಳುವ 0.3 ಮೈಕ್ರಾನಿನ ಕಣಗಳಲ್ಲೂ ನೂರಕ್ಕೆ 95ನ್ನು ಅದು ತಡೆಯುತ್ತದೆ. ಆದರೆ ಆವಿಯನ್ನು ತಡೆಯುವುದಿಲ್ಲ. ಘಾಟು ವಾಸನೆಯ ಕೀಟನಾಶಕಗಳಿಗೆ ಇದ್ದಿಲಿನ ಸೋಸುಡಬ್ಬಿ ಇರುವ ಮುಖಗವಸೇ ಬೇಕು. ಕವಾಟವಿರುವ ಎನ್-95 ಬಗ್ಗೆ 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ಎಚ್ಚರಿಸಿದ್ದು, ಅದು ಧರಿಸಿದವನ ಉಸಿರನ್ನು ಸೋಸದೆ ಹೊರಬಿಡುವ ಕಾರಣಕ್ಕೆ. ರೋಗ ಹರಡದಂತೆ ತಡೆಯಲು ಅದು ತಕ್ಕದ್ದಲ್ಲ. ಧೂಳಿನ ಕೆಲಸಕ್ಕೆ ಬಾಧಕವಿಲ್ಲ, ಸೆಕೆ ಕಡಿಮೆಯೆಂದು ಅನುಕೂಲವೇ. ಯಾವ ಮಾಸ್ಕ್ ಯಾವ ಕೆಲಸಕ್ಕೆ ಎಂಬ ಈ ಸಣ್ಣ ತಿಳಿವಳಿಕೆ ನಮಗಿಲ್ಲದೆ ಆಳುಗಳಿಗೆ ಬುದ್ಧಿ ಹೇಳಹೊರಟದ್ದು ನಮ್ಮ ದೊಡ್ಡ ಲೋಪ.

ಆಡಳಿತ ಮಂಡಳಿಗೆ ವಿನಂತಿ

ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಆದ್ದರಿಂದ ನಮ್ಮ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ.

ಒಂದು, ಗೊಬ್ಬರ, ಮೈಲುತುತ್ತು ಮಾರುವ ನಮ್ಮ ಮಳಿಗೆಯಲ್ಲೇ ತಲೆಯ ಹಿಂದೆ ಕಟ್ಟುವ ಮಾಸ್ಕ್, ಧೂಳಿನ ಮಾಸ್ಕ್, ಇದ್ದಿಲು ಡಬ್ಬಿಯ ಮುಖಗವಸು, ಕಣ್ಣಿನ ಕನ್ನಡಕ ಇವುಗಳನ್ನು ಎರಡು ಮೂರು ಅಳತೆಗಳಲ್ಲಿ ತರಿಸಿ ಅಸಲು ಬೆಲೆಗೆ ಕೊಡಬೇಕು. ಮೈಲುತುತ್ತು ಒಯ್ಯುವ ಪ್ರತಿಯೊಬ್ಬ ಸದಸ್ಯರನ್ನೂ, "ಹೊಡೆಯುವವರು ಎಷ್ಟು ಜನ? ಮುಖಗವಸು ಇದೆಯೇ?" ಎಂದು ಕೇಳುವ ಪದ್ಧತಿ ಆಗಬೇಕು.

ಎರಡು, ಮಾಸ್ಕಿಗೆ ಬಿಡುವು ಬೇಕು. ಮುಖಗವಸು ಕಟ್ಟಿಕೊಂಡು ಗುಡ್ಡ ಹತ್ತುವವನಿಗೆ ಬೇಗ ದಣಿವಾಗುತ್ತದೆ. ತಾಸಿಗೊಮ್ಮೆ ಮದ್ದಿನಿಂದ ದೂರ ಹೋಗಿ, ಕೈಮುಖ ತೊಳೆದು, ಮುಖಗವಸು ತೆಗೆದು, ನೀರು ಕುಡಿಯುವಷ್ಟು ಹೊತ್ತನ್ನು ಕೂಲಿಯ ಲೆಕ್ಕದೊಳಗೇ ಸೇರಿಸಬೇಕು. ಬಿಡುವು ಕೊಡದವನ ತೋಟದಲ್ಲಿ ಮಾಸ್ಕ್ ತಾನೇ ಬಿಡುವು ಮಾಡಿಕೊಂಡು ಗದ್ದಕ್ಕಿಳಿಯುತ್ತದೆ.

ಮೂರು, ಕೊಟ್ಟ ಮೇಲೆ ಕೇಳಬೇಕು. ವಾರದ ಬಟವಾಡೆಯ ದಿನ, "ಮುಖಗವಸು ಹೇಗಿದೆ? ಎಲ್ಲಿ ತೊಂದರೆ?" ಎಂಬ ಪ್ರಶ್ನೆಗೆ ಎರಡು ನಿಮಿಷ ಮೀಸಲಿಡಬೇಕು. ಸಿರುಗುಪ್ಪದ ಆ ಹೆಂಗಸನ್ನು ನಾವು ಮೊದಲೇ ಕೇಳಿದ್ದರೆ ಲಾಡಿಯ ಮಾಸ್ಕನ್ನೇ ಹೊಲಿಸುತ್ತಿದ್ದೆವು. ಗಿಡದ ರೆಕ್ಕೆಯಲ್ಲಿ ನೇತಾಡುವ ಮಾಸ್ಕುಗಳ ಖರ್ಚೂ ಉಳಿಯುತ್ತಿತ್ತು, ಗದರಿಸಿದ ಪಾಪವೂ ಉಳಿಯುತ್ತಿತ್ತು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಒಂದು ಕ್ವಿಂಟಲ್ ಅಡಿಕೆಯ ಧಾರಣೆಯ ಮುಂದೆ ಒಂದು ಮುಖಗವಸಿನ ಬೆಲೆ ಎಷ್ಟೆಂದು ಅವರೇ ಲೆಕ್ಕ ಹಾಕಲಿ. ಹೊಟ್ಟೆ ಬಾಯಿ ಕಟ್ಟಿ ದುಡಿಯುವವರು ಎಂಬ ಮಾತು ನಮ್ಮ ಭಾಷೆಯಲ್ಲಿದೆ. ದೂರದ ಬಯಲಿನಿಂದ ಬಂದು ನಮ್ಮ ತೋಟದಲ್ಲಿ ಹಾಗೆ ದುಡಿಯುವವರ ಬಾಯಿಗೆ ಕಟ್ಟುವ ಬಟ್ಟೆಯನ್ನಾದರೂ ಅವರ ಅಳತೆಗೆ ಹೊಲಿಸಿಕೊಡೋಣ.

ಮುಂದಿನ ಮದ್ದಿನ ಹಂಗಾಮಿಗೆ ಮುನ್ನ ಆಡಳಿತ ಮಂಡಳಿಯು ಈ ವಿಷಯವನ್ನು ಸಭೆಯ ಮುಂದೆ ತರುವುದೆಂದು ನಂಬಿದ್ದೇವೆ. ಅಷ್ಟರೊಳಗೆ ಸದಸ್ಯರು ತಮ್ಮ ತಮ್ಮ ತೋಟದಲ್ಲಿ ಒಂದು ಕೆಲಸ ಮಾಡಬಹುದು. ಗದ್ದಕ್ಕಿಳಿದ ಮಾಸ್ಕ್ ಕಂಡಾಗ ಗದರಿಸುವ ಮುಂಚೆ, ಏಕೆ ಎಂದು ಕೇಳಿ ನೋಡಿ.